ನೆಲದಡಿಯ ಬಿಸಿನೀರು

ಪ್ರಾಸ್ಪೆಕ್ಟ್, ಅಡಿಲೇಡ್
18 ಮೇ 2025, ಭಾನುವಾರ

ಮುದ್ದು ಮಾಲವಿಕಾಗೆ,

ಅಪ್ಪನ ಆಶೀರ್ವಾದಗಳು. ನಾನೂ ನಿನ್ನ ಅಮ್ಮನೂ ಇದ್ದಲ್ಲೇ ಇದ್ದೇವೆ. ಬ್ರಿಸ್ಬೇನ್‌ನಲ್ಲಿ ನೀನೂ ನಿನ್ನ ಶಾಲೆಯ ಪುಟಾಣಿಗಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಯುಗಾದಿಗೇ ಬರೆಯುತ್ತೇನೆ ಅಂದವನು ಮೇ ತಿಂಗಳಿಗೆ ಬಂದು ನಿಂತಿದ್ದೇನೆ, ಬೈಯಬೇಡ. ಫೋನಿನಲ್ಲಿ ಮಾತಾಡುವ ಮಗಳಿಗೆ ಕಾಗದವೇಕೆ ಎಂದು ನಗಲೂ ಬೇಡ. ಎಂಟು ವರ್ಷದವಳಾಗಿ ಮೈಸೂರಿನಿಂದ ಬಂದ ನಿನ್ನನ್ನು ಭಾನುವಾರ ಭಾನುವಾರ ಕೂರಿಸಿಕೊಂಡು ಕನ್ನಡ ತಿದ್ದಿಸಿದ್ದು ಮತ್ಯಾವ ದಿನಕ್ಕೆ? ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದು.

ಮೌಂಟ್ ಬಾರ್ಕರ್‌ನ ನಮ್ಮ ಹೊಸ ಮನೆಗೆ ಗೋಡೆ, ಸೂರು, ಕಿಟಕಿ ಎಲ್ಲ ಆಗಿ ಇನ್ನು ನೆಲಕ್ಕೆ ಟೈಲ್ಸ್ ಹಾಕುವುದು ಬಾಕಿ. ಆಷಾಢಕ್ಕೆ ಮೊದಲೇ ಹಾಲುಕ್ಕಿಸಬೇಕೆಂದು ಅಮ್ಮನ ಆಸೆ. ಆಫೀಸು ಮುಗಿಸಿ ದಿನಾ ಸಂಜೆ ಅಲ್ಲಿಗೆ ಹೋಗಿ, ಖಾಲಿ ಪೇಂಟ್ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಕೂರುತ್ತೇನೆ. ಗುಡ್ಡದಿಂದ ಮಂಜು ಇಳಿದು ಕಿಟಕಿಯವರೆಗೂ ಬಂದು ನಿಲ್ಲುತ್ತದೆ. ಗೋಡೆಗಳು ಇನ್ನೂ ಯಾರ ಮಾತನ್ನೂ ಕೇಳಿಲ್ಲ. ಸುಮ್ಮನೆ ಕೂತರೆ ಇಲ್ಲದ ಸೋಫಾ, ಇಲ್ಲದ ಪರದೆ ಎಲ್ಲ ಕಾಣುತ್ತದೆ. ಇಲ್ಲದ ಒಲೆಯಿಂದ ಒಗ್ಗರಣೆಯ ವಾಸನೆಯೂ ಬರುತ್ತದೆ. "ಇಂಜಿನಿಯರು ಸೈಟ್ ನೋಡಕ್ಕೆ ಹೋಗಿದ್ರೋ, ಕನಸು ಕಾಣಕ್ಕೆ ಹೋಗಿದ್ರೋ?" ಎಂದು ಅಮ್ಮ ರೇಗಿಸುತ್ತಿದ್ದಳು.

ಮನೆಯನ್ನು ಬೆಚ್ಚಗಿಡುವುದು ಹೇಗೆ ಎಂಬುದೇ ನಮ್ಮಲ್ಲಿ ತಿಂಗಳಿಡೀ ನಡೆದ ಚರ್ಚೆ. ಗೋಡೆಗೊಂದು ಏಸಿ ಹಾಕಿಸಿದರೆ ಚಳಿಗೆ ಬಿಸಿಗಾಳಿ, ಸೆಕೆಗೆ ತಂಪು, ಮುಗೀತು ಎಂದು ಅಮ್ಮನ ವಾದ. ಸೂರಿನೊಳಗೆ ಕೊಳವೆ ಎಳೆದು ಎಲ್ಲ ಕೋಣೆಗೂ ಗಾಳಿ ಬಿಡೋಣ ಎಂದು ಬಿಲ್ಡರ್. ನನ್ನ ಮನಸ್ಸು ಕೂತಿದ್ದು ಮೂರನೆಯದರ ಮೇಲೆ. ಟೈಲ್ಸ್ ಕೆಳಗೆ ಸಣ್ಣ ಪೈಪುಗಳನ್ನು ಸುತ್ತಿ ಸುತ್ತಿ ಹಾಸಿ ಅದರಲ್ಲಿ ಬಿಸಿನೀರು ಹರಿಸುತ್ತಾರೆ. ಸದ್ದಿಲ್ಲ, ಗಾಳಿಯಿಲ್ಲ. ಬರಿಗಾಲಲ್ಲಿ ನಡೆದರೆ ಬಿಸಿಲು ಬಿದ್ದ ಜಗಲಿಯ ಹಾಗಿರುತ್ತದಂತೆ.

ಈ ಕೆಲಸ ಮಾಡುವವರು ಮಂಗಳೂರಿನ ಮರ್ವಿನ್. ಇಪ್ಪತ್ತು ವರ್ಷ ಕುವೈತ್‌ನಲ್ಲಿ ಜನರ ಮನೆ ತಂಪು ಮಾಡಿ, ಈಗ ಇಲ್ಲಿ ಬೆಚ್ಚಗೆ ಮಾಡುತ್ತಿದ್ದಾರೆ. ನಕ್ಷೆ ಹರಡಿಕೊಂಡು ಒಂದೊಂದೇ ಕೋಣೆ ವಿಚಾರಿಸುತ್ತಾ ಬಂದು, ಹಿಂದಿನ ಕೋಣೆಯ ಮೇಲೆ ಪೆನ್ಸಿಲ್ ಇಟ್ಟು, "ಇಲ್ಲಿ ಯಾರು ಮಲಗುದು ಸರ್?" ಎಂದರು.

"ಮಗಳ ರೂಮು. ಬ್ರಿಸ್ಬೇನ್‌ನಲ್ಲಿದ್ದಾಳೆ. ಡಿಸೆಂಬರ್‌ನಲ್ಲಿ ಬರ್ತಾಳೆ."

"ಡಿಸೆಂಬರ್ ಸೆಕೆಗೆ ಬರುವವರಿಗೆ ಹೀಟಿಂಗ್ ಎಂತಕ್ಕೆ ಮಾರಾಯ್ರೆ? ಈ ರೂಮು ಬಿಡುವ. ಆದ್ರೆ ಒಮ್ಮೆ ಟೈಲ್ಸ್ ಬಿದ್ರೆ ಮತ್ತೆ ಪೈಪ್ ಹಾಕ್ಲಿಕ್ಕೆ ಆಗುದಿಲ್ಲ. ಯೋಚನೆ ಮಾಡಿ ಹೇಳಿ."

ಆ ಸಂಜೆ ಡಬ್ಬಿಯ ಮೇಲೆ ಕೂತು ಬೆರಳು ಮಡಿಸಿ ನೋಡಿದೆ. ನೀನು ಮನೆ ಬಿಟ್ಟ ಈ ಒಂಬತ್ತು ವರ್ಷಗಳಲ್ಲಿ ಒಂದು ಸಲವೂ ಇಲ್ಲಿನ ಜೂನ್-ಜುಲೈ ಚಳಿಗಾಲದಲ್ಲಿ ಬಂದಿಲ್ಲ. ಬ್ರಿಸ್ಬೇನೇ ಯಾಕೆ ಎಂದು ಆಗ ಕೇಳಿದ್ದಕ್ಕೆ, "ಇಟ್ಸ್ ವಾರ್ಮ್, ಅಪ್ಪ" ಎಂದಿದ್ದೆ. ನಾನು ಅದನ್ನು ಹವಾಮಾನದ ಮಾತು ಅಂದುಕೊಂಡಿದ್ದೆ.

ಈ ಬಾಡಿಗೆ ಮನೆಯಲ್ಲಿ ನಿನಗೆ ಚಳಿ ಕಾಡಿದ್ದು ನಿಜ. ನಿನ್ನ ರೂಮಿನ ಹೀಟರು ಕೆಟ್ಟು ಕೂತಿತ್ತು, ಏಜೆಂಟನಿಗೆ ಎಷ್ಟು ಹೇಳಿದರೂ ರಿಪೇರಿಯವರನ್ನು ಕಳಿಸಲಿಲ್ಲ. ಹನ್ನೆರಡನೇ ಕ್ಲಾಸಿನ ವರ್ಷವಿಡೀ ನೀನು ರಗ್ಗು ಹೊದ್ದು, ನನ್ನ ಮಂಕಿ ಕ್ಯಾಪ್ ಹಾಕಿಕೊಂಡು ಓದಿದೆ. ನೋಡಿ ನಗುತ್ತಿದ್ದೆವು. ಆಗಸ್ಟಿನಲ್ಲಿ ನ್ಯುಮೋನಿಯಾ ಆಗಿ ನೀನು ಆಸ್ಪತ್ರೆ ಸೇರಿದ ಮೇಲೆ ನಗಲಿಲ್ಲ. ಹೋಗಲಿ, ಈಗ ಅದೆಲ್ಲ ಯಾಕೆ.

ಹೊಸ ಮನೆಯಲ್ಲಿ ಒಂದು ಬೆಳಿಗ್ಗೆ ನೀನು ಕೂದಲು ಕೆದರಿಕೊಂಡು, ಸಾಕ್ಸ್ ಇಲ್ಲದ ಕಾಲಲ್ಲಿ ಅಡುಗೆಮನೆಗೆ ಬಂದು ಕಾಫಿ ಕೇಳುತ್ತೀಯ. ಹೊರಗೆ ಹುಲ್ಲೆಲ್ಲ ಇಬ್ಬನಿಗೆ ಬೆಳ್ಳಗಾಗಿರುತ್ತದೆ. ನಾನು ನೋಡುವುದು ನಿನ್ನ ಕಾಲನ್ನು ಮಾತ್ರ. ಇಷ್ಟೇ ನನ್ನ ಕನಸು, ಇದನ್ನೇ ದಿನಾ ಕಾಣುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನಸ್ಸು ಯಾವಾಗಲೂ ಬೆಳಕಾಗಿರಲಿ.

ನಿನ್ನ ಅಪ್ಪ,
ಉದಯಶಂಕರ್

ತಾ.ಕ.: ಕವರು ಅಂಟಿಸಿದವನು ಮತ್ತೆ ಬಿಚ್ಚಿದೆ. ಹೀಟರು ಕೆಟ್ಟಿತ್ತು ಎಂದು ಮೇಲೆ ಬರೆದದ್ದು ಸುಳ್ಳು. ಹತ್ತು ವರ್ಷ ಹೇಳಿ ಹೇಳಿ ಕೈ ತಾನಾಗಿಯೇ ಬರೆದುಬಿಟ್ಟಿತು. ಬೆಚ್ಚಗಿದ್ದರೆ ನಿನಗೆ ನಿದ್ದೆ ಬರುತ್ತದೆ, ನಿದ್ದೆ ಮಾಡಿದರೆ ಮೆಡಿಕಲ್ ಸೀಟು ಕೈತಪ್ಪುತ್ತದೆ ಎಂದು, ಹೊರಗಿನ ಮೇನ್ ಬಾಕ್ಸಿನಲ್ಲಿ ನಿನ್ನ ಹೀಟರಿನ ಸ್ವಿಚ್ಚನ್ನು ನಾನೇ ಆರಿಸಿಟ್ಟಿದ್ದೆ. ಒಂದು ದಿನ ನೀನು, "ಈಸ್ ಇಟ್ ರಿಯಲಿ ಬ್ರೋಕನ್, ಅಪ್ಪ?" ಎಂದೆ. ನಿನ್ನ ತಲೆಯ ಮೇಲೆ ಕೈಯಿಟ್ಟು, "ನಿನ್ನಾಣೆಗೂ ಕೆಟ್ಟಿದೆ ಪುಟ್ಟಿ" ಎಂದೆ. ಎರಡು ವಾರಕ್ಕೆ ನಿನಗೆ ಜ್ವರ ಬಂತು. ಆ ಆಣೆ ನಿನಗೆ ತಟ್ಟದಿರಲಿ ಎಂದು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಎಲ್ಲ ದೇವರ ಹತ್ತಿರವೂ ತಪ್ಪೊಪ್ಪಿಕೊಂಡೆ; ನಿನ್ನ ಹತ್ತಿರ ಮಾತ್ರ ಆಗಲಿಲ್ಲ. ಇನ್ನು ಮುಂದೆ ನನ್ನ ಯಾವ ಮಾತನ್ನೂ ನೀನು ನಂಬುವುದಿಲ್ಲ ಎಂದು ಹೆದರಿದೆ.

ಹೋದ ಭಾನುವಾರ ಅಮ್ಮ ನಿನ್ನ ರೂಮಿನ ಸಾಮಾನು ಕಟ್ಟುತ್ತಾ, "ಅಬ್ಬ, ಏನು ಚಳಿ" ಎಂದಳು. ಕನಸಿನಲ್ಲಿದ್ದ ನಾನು "ತಾಳು" ಎಂದು ಹೊರಗೆ ಹೋಗಿ ಸ್ವಿಚ್ಚು ಹಾಕಿ, ಬಂದು ಹೀಟರು ಹಚ್ಚಿದೆ. ಮೊದಲು ಧೂಳು ಸುಟ್ಟ ವಾಸನೆ, ಆಮೇಲೆ ಬೆಚ್ಚನೆಯ ಗಾಳಿ. ಅಮ್ಮ ಹೀಟರನ್ನು ನೋಡಿದಳು, ನನ್ನನ್ನು ನೋಡಿದಳು. "ಮಾಲುಗೆ ನೀವೇ ಬರೀರಿ" ಎಂದಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ.

ನಿನ್ನ ರೂಮಿಗೂ ಪೈಪು ಹಾಸಿ ಎಂದು ಮರ್ವಿನ್‌ಗೆ ಹೇಳಿದ್ದೇನೆ. ಅದರ ಸ್ವಿಚ್ಚು ನಿನ್ನ ಮಂಚದ ಪಕ್ಕದಲ್ಲೇ ಇರುತ್ತದೆ, ನಿನ್ನ ಕೈಗೆಟುಕುವ ಹಾಗೆ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಈ ಸಲ ಡಿಸೆಂಬರ್‌ನಲ್ಲಿ ಬರಬೇಡ ಪುಟ್ಟಿ. ಜುಲೈನಲ್ಲಿ ಬಾ.