ಡ್ರಮ್ಮಿನ ಹೊಟ್ಟೆಯ ಕಂಬಳಿ

ಅಣ್ಣಾ,

ಸಮಸ್ತ ಸಂಗೀತಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಕಂಬಳಿಗೆ ಬಿಡುಗಡೆಯಾಗಿದೆ!

ನಮ್ಮ ರಾಕ್ ಬ್ಯಾಂಡಿನ ಹೋದ ಪ್ರವಾಸದಲ್ಲಿ, ಸದ್ದು ವಿಪರೀತ ಗುಂಯ್‌ಗುಡುತ್ತದೆಂದು ನಾನೇ ಅದನ್ನು ನಿನ್ನ ದೊಡ್ಡ ಡ್ರಮ್ಮಿನೊಳಗೆ ತುರುಕಿದ್ದೆನಲ್ಲ. ಡ್ರಮ್ಮು ಬೆಚ್ಚಗಿತ್ತು, ನೀನು ವ್ಯಾನಿನಲ್ಲಿ ಮುದುರಿ ಮಲಗುತ್ತಿದ್ದೆ. "ಡ್ರಮ್ಮಿಗೆ ಉಸಿರಾಡೋಕೆ ಬಿಡೋ" ಎಂದು ನೀನು ಗೋಗರೆದೆ. "ಸೌಂಡ್ ಮಿಕ್ಸರ್ ಮುಂದೆ ಕೂತಿರೋನು ನಾನು" ಎಂದು ನಾನು ದರ್ಪ ತೋರಿಸಿದೆ. ಕೊನೆಯ ಊರಿನಲ್ಲಿ ನೀನು ಕಡ್ಡಿಗಳನ್ನು ಕೆಳಗಿಟ್ಟು ಹೊರಟುಹೋದೆ.

ಮೊನ್ನೆ ಹೊಸ ಪ್ರವಾಸದ ತಾಲೀಮು. ನಿನ್ನ ಜಾಗಕ್ಕೆ ಬಂದ ಹುಡುಗಿ ಕಂಬಳಿಯನ್ನು ಎಳೆದು ನನ್ನ ಮಡಿಲಿಗೆಸೆದಳು. "ಸರ್, ಇದ್ಯಾರ ಹಾಸಿಗೆ?"

ಆಮೇಲೆ ಬಾರಿಸಿದಳು. ಸದ್ದು ನೆಲದಿಂದೆದ್ದು ಎದೆಗೇ ಬಂತು. ಖಾಲಿ ಕುರ್ಚಿಗಳೂ ತಲೆದೂಗಿದವು. ನೀನು ಬಾಯಲ್ಲೇ "ಧೋಂ" ಎಂದು ಮಾಡಿ ತೋರಿಸುತ್ತಿದ್ದೆಯಲ್ಲ, ಅದೇ ಸದ್ದು!

"ಹೇಗಿದೆ ಸರ್?"

"ಪರವಾಗಿಲ್ಲಮ್ಮ" ಎಂದು, ಕೇಬಲ್ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ತೂರಿದೆ. ಬಹಳ ಹೊತ್ತು ಹುಡುಕಿದೆ.

ಅತ್ತಿಗೆ ಕೊಟ್ಟ ನಿನ್ನ ಹೊಸ ವಿಳಾಸ ಜೇಬಿನಲ್ಲಿದೆ. ಅಂಚೆಗೆ ಹಾಕುವ ಧೈರ್ಯ ಬರುವವರೆಗೆ ಈ ಪತ್ರವೂ ಅಲ್ಲೇ ಇರುತ್ತದೆ.

ಒಂದು ಸಣ್ಣ ಉಪಕಾರ ಮಾಡು. ಕಂಬಳಿ ಒಗೆದಿಟ್ಟಿದ್ದೇನೆ. ಅಂಚೆಗೆ ಹಾಕೋಣವೆಂದರೆ ಭಾರ. ನೀನೇ ಬಂದು ತೆಗೆದುಕೊಂಡು ಹೋಗು.