ಗುಡುಗಪ್ಪನ ವಾಕಿಟಾಕಿ

ಜೂನ್ 11, ಮಂಗಳವಾರ.

ಅಷ್ಟು ದಡ್ಡ ಸುಳ್ಳನ್ನು ಯಾರಾದರೂ ಹೇಳುತ್ತಾರೆಯೇ? ರಿಪೇರಿ ಬರುತ್ತದೆ, ಸುಳ್ಳು ಬರುವುದಿಲ್ಲ ನನಗೆ.

ಗೋದಾಮಿನ ಸೂಪರ್‌ವೈಸರ್‌ಗೆ ನಾವಿಟ್ಟ ಹೆಸರು ಗುಡುಗಪ್ಪ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರ ವಾಕಿಟಾಕಿಯ ಬಟನ್ ಒತ್ತಿದ್ದು ಒತ್ತಿದಂತೆಯೇ ಸಿಕ್ಕಿಕೊಂಡಿತು. ಅವರು ಫೋನಿನಲ್ಲಿ ಆಡಿದ್ದೆಲ್ಲ ನಮ್ಮೆಲ್ಲರ ಸೆಟ್ಟುಗಳಲ್ಲೂ ಕೇಳಿಸಿತು.

"ನಾನಮ್ಮಾ, ನಿನ್ನ ಮಗ. ಅಪ್ಪ ಅಲ್ಲಮ್ಮಾ, ಮಗ." ಮತ್ತೆ ಮೊದಲಿನಿಂದ ಅದೇ ಮಾತು, ಅಷ್ಟೇ ಮೆತ್ತಗೆ.

ಬಟನ್ ಒತ್ತಿರುವ ಸೆಟ್ಟಿಗೆ ಬೇರೆಯವರ ದನಿ ಕೇಳಿಸದು. ಓಡಿಹೋಗಿ ಹೇಳಬಹುದಿತ್ತು, ಯಾರಿಗೂ ಕಾಲೇಳಲಿಲ್ಲ. 

ಸಂಜೆ ಗುಡುಗಪ್ಪನವರೇ ಸೆಟ್ಟನ್ನು ನನ್ನ ರಿಪೇರಿ ಮೇಜಿಗೆ ತಂದರು.

"ಏನಾಗಿದೆ ಇದಕ್ಕೆ?" ಎಂದು ಗುಡುಗಿದರು.

"ಬ್ಯಾಟರಿ ಸತ್ತೋಗಿತ್ತು ಸಾರ್. ಏನೂ ಹೊರಗೆ ಕೇಳಿಸಿಲ್ಲ."

ಹೊರಗೆ ಕೇಳಿಸಿತೇ ಎಂದು ಅವರು ಕೇಳಿರಲೇ ಇಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೇಲಾಗಿ ಆಗ ನನ್ನ ಬ್ರಷ್ಷು ಉಜ್ಜುತ್ತಿದ್ದದ್ದು ಬ್ಯಾಟರಿಯನ್ನಲ್ಲ, ಬಟನ್ನಿನ ಸುತ್ತ ಕೂತಿದ್ದ ಕೊಳೆಯನ್ನು.

ಅವರು ಬಗ್ಗಿ ಬ್ರಷ್ಷು ಓಡುತ್ತಿದ್ದ ಬಟನ್ನನ್ನೇ ನೋಡಿದರು.

"ನಾಳೆನೂ ಅಮ್ಮನಿಗೆ ಫೋನ್ ಮಾಡ್ಬೇಕು. ಬಟನ್ ಸರಿಯಾಗಿ ನೋಡಿ ಕೊಡಪ್ಪಾ."

ಗುಡುಗಲಿಲ್ಲ. ಮಧ್ಯಾಹ್ನ ಕೇಳಿದ್ದ ಅದೇ ದನಿ.