ರೈಟ್ ಅನ್ನುವ ಮೊದಲು

ಜನವರಿ 12, ಸಂಜೆ
ಚಾಮರಾಜನಗರ ಟ್ರಿಪ್ ಮುಗಿಯಿತು. ಬೆಳಗ್ಗೆಯಿಂದ ನೀರು ಮುಟ್ಟಿಲ್ಲ. ಆದರೂ ತೆರಕಣಾಂಬಿಯಲ್ಲಿ ವಿಷಲ್ ಊದಿದ ಕೂಡಲೇ ಒಂದಿಷ್ಟು ಮೂತ್ರ ಹೋಗಿಯೇಬಿಟ್ಟಿತು. ಚಿಕ್ಕವನನ್ನು ಹೆತ್ತಾಗಿನಿಂದ ಇದೇ ಗೋಳು. ಕಂಡಕ್ಟರಿಗೆ ಈ ಖಾಕಿ ಯಾರು ಕೊಟ್ಟರೋ... ಒದ್ದೆಯಾದರೆ ಊರಿಗೆಲ್ಲ ಗೊತ್ತು. ಇನ್ನು ವಿಷಲ್ ಬೇಡ. ಬಾಗಿಲ ತಗಡು ಬಡಿಯುತ್ತೇನೆ.

ಜನವರಿ 20
ಡ್ರೈವರ್ ಮಾದಣ್ಣನಿಗೆ ತಗಡಿನ ಸದ್ದು ಕೇಳಿಸುವುದಿಲ್ಲ.
"ವಿಷಲ್ ಏನ್ ಮಾಡ್ಬುಟ್ಟೆ ಕಣಮ್ಮಿ? ಮಗೀಗೆ ಆಟುಕ್ ಕೊಟ್ಬುಟ್ಟಾ?"
ನಗು ತಡೆದುಕೊಂಡೆ. ನಕ್ಕರೂ ಅದೇ ಕಥೆ.
ಏಪ್ರಿಲ್ ಮುಗಿಯುವುದರೊಳಗೆ ಸರಿಹೋಗದಿದ್ದರೆ ಡಿಪೋದಲ್ಲಿ ಕುರ್ಚಿ ಕೆಲಸ. ಕಾರಣ ಹೇಳದೆ ಕೇಳಿದೆ, ಮ್ಯಾನೇಜರ್ ಒಪ್ಪಿದ್ದಾರೆ. ಮನೆಗೆ ಬಂದು ಅತ್ತುಬಿಟ್ಟೆ. ಈ ರೂಟ್ ನನಗಿಷ್ಟ — ಈರುಳ್ಳಿ ಮೂಟೆ, ಸೀಟಿನ ಜಗಳ, ಎಲ್ಲ.

ಫೆಬ್ರವರಿ 2
ಚಾಮರಾಜನಗರದಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋ ತಮನ್ನಾಳನ್ನು ಕಂಡೆ. ನನಗಿಂತ ಚಿಕ್ಕವಳು. ಕಿಬ್ಬೊಟ್ಟೆಯ ತಳದಲ್ಲಿ ಜೋಲಿಯ ಹಾಗೆ ಸ್ನಾಯು ಇದೆಯಂತೆ, ಹೆರಿಗೆಯಲ್ಲಿ ಸಡಿಲವಾಗಿದೆಯಂತೆ. ದಿನಾ ಬಿಗಿ ಮಾಡಬೇಕಂತೆ. ಮಾಡಿ ತೋರಿಸಿ ಅಂದಳು. ನಾಚಿಕೆ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ.

ಫೆಬ್ರವರಿ 25
ಬಿಡದೆ ಮಾಡುತ್ತಿದ್ದೇನೆ. ಸೋರುವುದು ಇನ್ನೂ ಜಾಸ್ತಿಯಾಗಿದೆ. ಬರೆಯಲು ಮನಸ್ಸಿಲ್ಲ...

ಫೆಬ್ರವರಿ 27
ಮತ್ತೆ ತಮನ್ನಾ. ಈ ಸಲ ಬಿಡಲಿಲ್ಲ. ಮಲಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ಮಾಡಿ ಅಂದಳು. ಉಸಿರು ಕಟ್ಟಿ, ಹಲ್ಲು ಕಚ್ಚಿ, ಕೆಳಕ್ಕೆ ತಳ್ಳಿದೆ.
"ಅಯ್ಯೋ ಕಾವ್ಯಕ್ಕ, ಇದು ಹೆರಿಗೇಲಿ ಮುಕ್ಕೋದು!"
ಹೆರಿಗೆಯಲ್ಲಿ ಆಯಾ ಸಣ್ಣತಾಯಮ್ಮ "ಬಿಗಿ ಇಡ್ದು ಮುಕ್ಕಮ್ಮಿ, ಮುಕ್ಕು" ಎಂದು ಕೂಗಿದ್ದೇ ಕಿವಿಯಲ್ಲಿ ಕೂತಿತ್ತು. ಬಿಗಿ ಅಂದರೆ ಕೆಳಕ್ಕೆ ಅಂದುಕೊಂಡಿದ್ದೆ. ಇಷ್ಟು ದಿನ ದಿನಾ ಹೆರುತ್ತಲೇ ಇದ್ದೆನಲ್ಲ! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನನಗೆ ಸ್ವಲ್ಪ ಹೋಯಿತು. ಅವಳ ಮುಂದೆ ನಾಚಿಕೆಯಾಗಲಿಲ್ಲ.
"ಜನರ ಮಧ್ಯೆ ಗ್ಯಾಸ್ ತಡ್ಕೊಳ್ತೀವಲ್ಲಕ್ಕ? ಹಂಗೆ, ಮೇಲಕ್ಕೆ. ಉಸಿರು ಕಟ್ಬೇಡಿ. ಮೊದ್ಲು ಮೇಲಕ್ಕೆ ಎಳ್ಕೊಳಿ, ಆಮೇಲೆ ವಿಷಲ್ ಊದಿ. ನೀರೂ ಕುಡೀರಿ."

ಏಪ್ರಿಲ್ 9
ನೀರಿನ ಬಾಟಲಿ ಮತ್ತೆ ಬ್ಯಾಗಿನಲ್ಲಿದೆ. ಕೆಮ್ಮಿದರೆ ಏನೂ ಆಗುತ್ತಿಲ್ಲ. ಸೀನಿದರೆ ಮಾತ್ರ ಒಮ್ಮೊಮ್ಮೆ. ವಿಷಲ್ ಬಾಯಿಗಿಡಲು ಇನ್ನೂ ಧೈರ್ಯವಿಲ್ಲ.

ಏಪ್ರಿಲ್ 30, ಮಧ್ಯಾಹ್ನ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್
ಮ್ಯಾನೇಜರಿಗೆ ಇವತ್ತೇ ಉತ್ತರ ಕೊಡಬೇಕಿತ್ತು. ತೆರಕಣಾಂಬಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನಾನು ನಡುವೆ ಸಿಕ್ಕಿಕೊಂಡಿದ್ದೆ, ಬಾಗಿಲ ತಗಡು ಕೈಗೆ ಎಟುಕಲಿಲ್ಲ. ಮೇಲಕ್ಕೆ ಎಳೆದುಕೊಂಡೆ, ವಿಷಲ್ ಬಾಯಿಗಿಟ್ಟೆ. ಊದಿದೆ. ಒಂದು ಹನಿ ಇಲ್ಲ!
ಮಾದಣ್ಣ ಬಸ್ಸು ಬಿಡಲಿಲ್ಲ. ಹಿಂದಕ್ಕೆ ತಿರುಗಿ, "ಇನ್ನೊಂದ್ ಸಲ ಊದಮ್ಮಿ. ಕೇಳಿ ಎಷ್ಟ್ ದಿನ ಆಗೋಯ್ತು" ಅಂದ. ಕಣ್ಣು ತುಂಬಿತು. ಇನ್ನೊಂದು ಸಲ ಊದಿದೆ.
ಈಗ ಮ್ಯಾನೇಜರಿಗೆ ಫೋನ್ ಮಾಡಿದೆ. ಕುರ್ಚಿ ಬೇಡ ಸರ್ ಅಂದೆ. ನಾಳೆ ಮತ್ತೆ ಒಂದು ಹನಿ ಹೋದರೂ ಹೋಗಬಹುದು. ಹೋಗಲಿ. ಯಾಕಮ್ಮ ಅಂತ ಕೇಳಿದರು. ಈ ರೂಟ್ ನನಗಿಷ್ಟ ಸರ್ ಅಂದೆ.
ಮಾದಣ್ಣ ಹಾರನ್ ಹೊಡೆಯುತ್ತಿದ್ದಾನೆ. ಹೊರಡಬೇಕು. ಮೊದಲು ಮೇಲಕ್ಕೆ —